38 ಡಿಗ್ರಿ ಎಂದು ಹಗುರವಾಗಿ ಎಣಿಸಬೇಡಿ



2023ರ ಏಪ್ರಿಲ್ 16, ಖಾರ್ಘರ್. ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆಂದು ಬಯಲಲ್ಲಿ ಗಂಟೆಗಟ್ಟಲೆ ಕುಳಿತವರಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲಿನ ಹೊಡೆತಕ್ಕೆ ತೀರಿಕೊಂಡರು. ಅಂದಿನ ಉಷ್ಣಾಂಶ ಸುಮಾರು 38 ಡಿಗ್ರಿ.

"ನಮ್ಮ ಕಲಬುರಗಿಯಲ್ಲಿ 42 ಇರುತ್ತೆ, ಇದೇನು ಮಹಾ?" ಎನ್ನಬೇಡಿ. ಅಲ್ಲಿ ಒಣ ಬಿಸಿಲು. ಬೆವರು ಆರಿ ಮೈ ತಂಪಾಗುತ್ತದೆ. ಇಲ್ಲಿ ಕಡಲ ತೇವದ ಗಾಳಿಗೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈ ತಣಿಸಲು ಹೃದಯ ಇನ್ನಷ್ಟು ದುಡಿಯಬೇಕಾಗುತ್ತದೆ.

ಆದ್ದರಿಂದ ನನ್ನ ಸ್ಪಷ್ಟ ಅಭಿಪ್ರಾಯ: ಠಾಣೆ, ಡೊಂಬಿವಲಿ, ಕಲ್ಯಾಣದಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಮದುವೆಯಾಗಲಿ, ಸಂಘದ ಕಾರ್ಯಕ್ರಮವಾಗಲಿ ಬಯಲಲ್ಲಿ ಬೇಡವೇ ಬೇಡ. ಸಂಜೆಗೆ ಇಟ್ಟುಕೊಳ್ಳಿ.

ಊರಿಂದ ಬಂದ ಅಪ್ಪ-ಅಮ್ಮ ಬಿಪಿ ಮಾತ್ರೆ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಎಷ್ಟು ನೀರು ಕುಡಿಯಬೇಕೆಂದು ಅವರ ವೈದ್ಯರನ್ನು ಈಗಲೇ ಕೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮೈ ಸುಡುತ್ತಿದ್ದು ಮಾತು ತೊದಲಿದರೆ, ಮಂಕು ಕವಿದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಮೊಬೈಲ್ ನೋಡದ ಹಿರಿಯರಿಗೆ ಇದನ್ನು ಓದಿ ಹೇಳಿ.