‘ನೀರು ತಾನೇ’ ಎಂಬ ಉಡಾಫೆ

ಯಗಟಿಯಂಥ ಬಯಲುಸೀಮೆಯ ಹೋಬಳಿಯಲ್ಲಿ ಕರೆಂಟು ಬಂದು ಹೋಗುವ ಹೊತ್ತನ್ನು ನಂಬಿ ಕೆಲಸ ಇಟ್ಟುಕೊಳ್ಳಲಾಗದು. ಟ್ರ್ಯಾಕ್ಟರು, ಟಿಲ್ಲರು, ಕೊಟ್ಟಿಗೆ, ಕೋಳಿ ಶೆಡ್ಡುಗಳನ್ನು ತೊಳೆಯಲು ಪೆಟ್ರೋಲ್ ಎಂಜಿನ್ನಿನ ಪ್ರೆಷರ್ ವಾಷರ್ ರೈತನಿಗೆ ವರವೆನಿಸಿದರೆ ಆಶ್ಚರ್ಯವಿಲ್ಲ. ಯಂತ್ರ ಕೊಳ್ಳುವುದು ಅಪರಾಧವಲ್ಲ. ಅಪರಾಧವಿರುವುದು ಅದನ್ನು ಮಾರುವ, ಬಾಡಿಗೆಗೆ ಕೊಡುವ, ಕೂಲಿಯವನ ಕೈಗೆ ದಾಟಿಸುವ ರೀತಿಯಲ್ಲಿ. ‘ನೀರು ತಾನೇ, ಏನಾಗುತ್ತದೆ?’ ಎಂಬ ಒಂದೇ ಮಾತು ಈ ಮೂರೂ ಕಡೆ ಸಾಕಾಗಿಬಿಡುತ್ತದೆ. ಆ ಮಾತು ಸುಳ್ಳು; ಅದರ ಬೆಲೆ ತೆರುವವನು ಮಾರಿದವನಲ್ಲ, ಕೊಂಡವನೂ ಅಲ್ಲ, ದಿನಗೂಲಿಗೆ ಬಂದವನು.

ಮೊದಲ ಅಪಾಯ ಕಣ್ಣಿಗೆ ಕಾಣದು. ಪೆಟ್ರೋಲ್ ಎಂಜಿನ್ನು ಉಗುಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅದು ಅಂಟಿಕೊಂಡು ಉಸಿರನ್ನು ಒಳಗಿನಿಂದಲೇ ಕಸಿಯುತ್ತದೆ. 1996ರಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹೊರಡಿಸಿದ ಎಚ್ಚರಿಕೆಯಲ್ಲಿ ಒಬ್ಬ ರೈತನ ಸಾವು ದಾಖಲಾಗಿದೆ. 11 ಅಶ್ವಶಕ್ತಿಯ ಪೆಟ್ರೋಲ್ ವಾಷರಿನಿಂದ ತನ್ನದೇ ಕೊಟ್ಟಿಗೆ ತೊಳೆಯುತ್ತಿದ್ದ ಆತ ಸುಮಾರು ಅರ್ಧ ಗಂಟೆಯಲ್ಲಿ ವಿಷಾನಿಲಕ್ಕೆ ತುತ್ತಾದ. ‘ಬಾಗಿಲು ತೆರೆದಿದೆಯಲ್ಲ’ ಎಂದು ವಾದಿಸುವವರಿಗೆ ಅದೇ ಎಚ್ಚರಿಕೆ ಉತ್ತರ ಕೊಟ್ಟಿದೆ: ಬಾಗಿಲು, ಕಿಟಕಿ, ಫ್ಯಾನುಗಳನ್ನು ನಂಬಲಾಗದು. ಎಂಜಿನ್ನು ಬಯಲಿನಲ್ಲಿಯೇ, ಬಾಗಿಲು ಕಿಟಕಿಗಳಿಂದ ದೂರ ಇರಬೇಕು. ಒಳಗೆ ಹೋಗಬೇಕಾದದ್ದು ಉದ್ದನೆಯ ಪೈಪು ಮಾತ್ರ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಅದನ್ನು ಬಿಸಿಲಿನ ದಣಿವೆಂದು ತಳ್ಳಿಹಾಕದೆ ಕೂಡಲೇ ಹೊರಬರಬೇಕು, 108ಕ್ಕೆ ಕರೆ ಮಾಡಬೇಕು.

ಎರಡನೆಯದು ನೀರಿನ ಏಟು. ಇಂಥ ಯಂತ್ರಗಳ ನೀರು ಸಾಮಾನ್ಯವಾಗಿ 150ರಿಂದ 200 ಬಾರ್ ಒತ್ತಡದಲ್ಲಿ ಚಿಮ್ಮುತ್ತದೆ. ಮನುಷ್ಯನ ಚರ್ಮ ಸೀಳಲು ಅದರ ಅಲ್ಪಾಂಶವೇ ಸಾಕು. ಗಾಯ ಸೂಜಿ ಚುಚ್ಚಿದಷ್ಟೇ ಕಾಣಬಹುದು. ಆದರೆ ನೀರಿನೊಂದಿಗೆ ಕೊಳೆ, ಗ್ರೀಸು, ರೋಗಾಣುಗಳು ಮಾಂಸದೊಳಗೆ ಹರಡಿರುತ್ತವೆ. ಅರಿಸಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸಿದವನು ಬೆರಳನ್ನೇ ಕಳೆದುಕೊಳ್ಳಬಹುದು. ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಇದು ಪ್ರೆಷರ್ ವಾಷರಿನ ಗಾಯವೆಂದು ಸ್ಪಷ್ಟವಾಗಿ ಹೇಳಬೇಕು.

ಇವನ್ನು ತಪ್ಪಿಸುವ ವಿದ್ಯೆ ಕಠಿಣವಲ್ಲ. ಪೆಟ್ರೋಲನ್ನು ಎಂಜಿನ್ನು ತಣ್ಣಗಿದ್ದಾಗಲೇ ತುಂಬಬೇಕು; ಹತ್ತಿರ ಬೀಡಿ ಸೇದುವವರು ಇರಕೂಡದು. ಮೊದಲು ನೀರು ಬಿಟ್ಟು, ಗನ್ನಿನ ಟ್ರಿಗರ್ ಒತ್ತಿ ಪೈಪಿನ ಗಾಳಿ ಹೊರಹೋದ ಮೇಲೆ ಎಂಜಿನ್ನು ಚಾಲೂ ಮಾಡಬೇಕು. ಒಣಗಿದ ಪಂಪು ಕ್ಷಣದಲ್ಲಿ ಹಾಳಾಗುತ್ತದೆ. ಅಗಲವಾಗಿ ಹರಡುವ ನಾಝಲಿನಿಂದ ಆರಂಭಿಸಬೇಕು. ನೀರನ್ನು ಒಂದೇ ಗೆರೆಯಲ್ಲಿ ಉಗುಳುವ ಕೆಂಪು ನಾಝಲನ್ನು ಅನನುಭವಿಗಳು ಮುಟ್ಟಬಾರದು. ಗಮ್‌ಬೂಟು, ಕನ್ನಡಕ ಕಡ್ಡಾಯ. ಗನ್ನನ್ನು ಎರಡೂ ಕೈಗಳಲ್ಲಿ ಹಿಡಿದು ನೆಲದ ಮೇಲೆಯೇ ನಿಲ್ಲಬೇಕು. ಏಣಿಯ ಮೇಲೆ ನಿಂತವನನ್ನು ಅದರ ಒದೆತ ಕೆಡವುತ್ತದೆ. ಮೋಟಾರಿನ ಸ್ಟಾರ್ಟರ್, ಸ್ವಿಚ್ ಬೋರ್ಡುಗಳತ್ತ ನೀರು ಹಾಯಿಸಬಾರದು. ಪೈಪಿನ ಸೋರಿಕೆಯನ್ನು ಬೆರಳಿಟ್ಟು ಹುಡುಕಬಾರದು. ಮುಗಿದ ಮೇಲೆ ಎಂಜಿನ್ನು ಆರಿಸಿ, ನಲ್ಲಿ ಮುಚ್ಚಿ, ಟ್ರಿಗರ್ ಒತ್ತಿ ಉಳಿದ ಒತ್ತಡವನ್ನು ಹೊರಬಿಟ್ಟ ನಂತರವೇ ನಾಝಲ್ ಕಳಚಬೇಕು. ಮಕ್ಕಳು ಮತ್ತು ದನಕರುಗಳು ದೂರವಿರಬೇಕು.

ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಲು ಎಷ್ಟು ಖರ್ಚು? ಓದಲಾಗದ ಭಾಷೆಯ ಕೈಪಿಡಿಯನ್ನು ಡಬ್ಬಿಯೊಳಗಿಟ್ಟು ಮಾರುವುದು ಮಾಹಿತಿ ನೀಡಿದಂತಾಗದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಿಯಾದ ಬಳಕೆಯ ಸೂಚನೆಯನ್ನೂ ಎಚ್ಚರಿಕೆಯನ್ನೂ ಕೊಡದ ತಯಾರಕನನ್ನು ಹಾನಿಗೆ ಹೊಣೆಯಾಗಿಸುತ್ತದೆ. ಆ ಹಕ್ಕನ್ನು ಅಂಗಡಿಯ ಮುಂದೆಯೇ ನಿಂತು ಕೇಳಬೇಕು: ಕನ್ನಡದ ಸೂಚನೆಯಿಲ್ಲದೆ, ಒಮ್ಮೆ ಚಾಲೂ ಮಾಡಿ ತೋರಿಸದೆ, ಯಂತ್ರಕ್ಕೆ ಹಣವಿಲ್ಲ.

ಇನ್ನು ತೊಳೆದ ನೀರಿನ ಮಾತು. ಈ ಯಂತ್ರ ನಿಮಿಷಕ್ಕೆ ಹತ್ತು ಲೀಟರಿನ ಆಸುಪಾಸು ಬಳಸುತ್ತದೆ. ಅರ್ಧ ಗಂಟೆಗೆ ಮುನ್ನೂರು ಲೀಟರು. ಬೋರ್‌ವೆಲ್ಲಿನ ಪೈಪನ್ನು ಹಾಗೆಯೇ ಬಿಟ್ಟು ತೊಳೆಯುವುದಕ್ಕಿಂತ ಇದು ಮಿತವೆಂಬುದನ್ನು ಒಪ್ಪಬೇಕು. ಆದರೆ ಆ ಮುನ್ನೂರು ಲೀಟರು ಡೀಸೆಲ್, ಗ್ರೀಸು, ಔಷಧಿ ಡ್ರಮ್ಮಿನ ವಿಷವನ್ನು ಹೊತ್ತು ಎಲ್ಲಿಗೆ ಹೋಗುತ್ತದೆ? ನೀರು ಹತ್ತಿರವೆಂದು ಯಂತ್ರವನ್ನು ಕೆರೆ ಏರಿಗೇ ಒಯ್ದರೆ ಕೆರೆಗೇ ಹೋಗುತ್ತದೆ. ಬಾಬಾಬುಡನ್‌ಗಿರಿಯ ಮಗ್ಗುಲಿನಲ್ಲಿ ಹುಟ್ಟುವ ನೀರು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿ, ವೇದಾವತಿಯಾಗಿ ಕಡೂರಿನ ಬಯಲನ್ನು ಹಾಯ್ದು, 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಜಲಾಶಯ ಸೇರುತ್ತದೆ. ಗುಡ್ಡದವರು ಬಿಟ್ಟ ಕೊಳೆಯನ್ನು ಬಯಲಿನವರು ಕುಡಿಯುತ್ತಾರೆ, ಬಯಲಿನವರದನ್ನು ಹಿರಿಯೂರಿನವರು. ಹೊಳೆ ಮತ್ತು ಬಾವಿಗಳಿಗೆ ವಿಷವಸ್ತು ಬಿಡುವುದನ್ನು 1974ರ ಜಲಮಾಲಿನ್ಯ ಕಾಯ್ದೆಯೇ ನಿಷೇಧಿಸಿದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ಐದು ಸಾವಿರ ರೂಪಾಯಿ ದಂಡವೆಂದಿತು. ರಾಜಧಾನಿಗೆ ಬರ ಬಾಯಿಗೆ ಬಂದ ಮೇಲೆ ಹೊಳೆದ ಬುದ್ಧಿ, ಬರವನ್ನೇ ಉಂಡು ಬೆಳೆದ ಸೀಮೆಗೆ ಮೊದಲೇ ಹೊಳೆಯಬೇಕು. ಕೆರೆಯಿಂದ ದೂರದಲ್ಲಿ, ಕೊಳೆ ತಂಗುವ ಗುಂಡಿಯಿರುವ ಒಂದು ತೊಳೆಯುವ ಕಟ್ಟೆಯನ್ನು ಪ್ರತಿ ಪಂಚಾಯತಿಯೂ ಗುರುತಿಸಲಿ. ಯಂತ್ರ ಬಾಡಿಗೆಗೆ ಕೊಡುವವರು ಬೂಟು, ಕನ್ನಡಕಗಳನ್ನು ಜೊತೆಗೇ ಕೊಡಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ನಿರ್ಣಯಗಳನ್ನು ಮಂಡಿಸುವ ಕೆಲಸವನ್ನು ಊರಿನ ವಿದ್ಯಾರ್ಥಿಗಳೇ ವಹಿಸಿಕೊಳ್ಳಲಿ. ಕೂಲಿಯವನ ಉಸಿರು ಮತ್ತು ಕೆರೆಯ ನೀರು, ಎರಡನ್ನೂ ಕಳೆದುಕೊಂಡ ಮೇಲೆ ತೊಳೆದು ಹೊಳೆಯುವ ಟ್ರ್ಯಾಕ್ಟರಿನಿಂದ ಊರಿಗೆ ಆಗುವ ಲಾಭವೇನು?