ಹೊಸ ಅಯ್ಯನವರಿಗೂ ಬೇಕು ಹೌಸ್ ಸರ್ಜನ್ಸಿ

ನಮ್ಮಜ್ಜಿ ತೀರಿಕೊಂಡ ದಿನ ಮನೆಗೆ ಬಂದ ಸಭಾಪಾಲಕರಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಸೆಮಿನರಿ ಮುಗಿಸಿ ನಮ್ಮೂರಿನ ಚರ್ಚಿಗೆ ಬಂದು ಮೂರು ತಿಂಗಳಾಗಿತ್ತಷ್ಟೇ. ಚಪ್ಪಲಿ ಬಿಟ್ಟು ಒಳಗೆ ಬಂದವರು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಅಡಿಗೆಮನೆ ಬಾಗಿಲ ಹತ್ತಿರ ನಿಂತರು. ಆಮೇಲೆ ಅಜ್ಜಿಯ ಪಕ್ಕ ಕೂತಿದ್ದ ನಮ್ಮಪ್ಪನಿಗೆ ಪುನರುತ್ಥಾನದ ಬಗ್ಗೆ ಹತ್ತು ನಿಮಿಷ ವಿವರಿಸಿದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ನೆಲ ನೋಡ್ತಾ ಕೂತಿದ್ದರು. ಕೊನೆಗೆ ನಮ್ಮ ದೊಡ್ಡಮ್ಮನೇ, "ಅಯ್ಯನವರ, ಸ್ವಲ್ಪ ಸುಮ್ಮನ ಕೂಡ್ರಿ, ಚಾ ತರ್ತೀನಿ" ಅಂದರು.

ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವರಿಗೆ ಅಲ್ಲಿ ಏನು ಕಲಿಸಿ ಕಳಿಸ್ತಾರೆ ಅಂತ ಮನೆಯಲ್ಲಿ ಕೂಗಾಡಿದ್ದೆ. ಎರಡು ವರ್ಷಕ್ಕೆಲ್ಲ ಅವರು ಪಾಲನೆಯ ಕೆಲಸವನ್ನೇ ಬಿಟ್ಟರು ಅಂತ ಸುದ್ದಿ ಬಂತು. ಆಗಲೂ ನನಗೇನೂ ಅನ್ನಿಸಿರಲಿಲ್ಲ.

ಮೊನ್ನೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ಅವರು ಸಿಕ್ಕರು. ಈಗ ಒಂದು ಶಾಲೆಯಲ್ಲಿ ಮೇಷ್ಟ್ರು. ಮಾತಿಗೆ ಮಾತು ಬಂದು ಅಜ್ಜಿಯ ವಿಷಯ ಅವರೇ ಎತ್ತಿದರು. "ನಿಮ್ಮನೆಯದು ನಾನು ನಡೆಸಿದ ಮೊದಲನೇ ಶವಸಂಸ್ಕಾರ. ಅದಕ್ಕೆ ಮುಂಚೆ ಯಾವ ಸಾವಿನ ಮನೆಗೂ ಯಾರ ಜೊತೆಗೂ ಹೋಗಿರಲಿಲ್ಲ" ಅಂದರು. ಸೆಮಿನರಿಯಲ್ಲಿ ಫೀಲ್ಡ್‌ವರ್ಕ್ ಇರುತ್ತಲ್ಲ ಅಂದೆ. "ಇತ್ತು, ಭಾನುವಾರ. ಸಾವು ಭಾನುವಾರ ನೋಡಿಕೊಂಡು ಬರುತ್ತಾ?" ಅಂತ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಮನೆಗೆ ಹೋಗಿ, ನಾನು ಮಾಡಿದ್ದು ಸರಿಯಾಯ್ತಾ ಅಂತ ಯಾರನ್ನಾದರೂ ಕೇಳಬೇಕು ಅನ್ನಿಸಿತ್ತು. ಕೇಳೋಕೆ ಯಾರೂ ಇರಲಿಲ್ಲ" ಅಂದರು.

ಆ ಮಾತು ಇವತ್ತಿಗೂ ತಲೆಯಲ್ಲಿ ಕೊರೀತಾ ಇದೆ. ಅದಕ್ಕೇ ಈ ಬರಹ.

ನನ್ನ ಕಥೆ ನೋಡಿ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕಂಪನಿಯವರು ಮೂರು ತಿಂಗಳು ಟ್ರೈನಿಂಗ್ ಕೊಟ್ಟರು. ಪ್ರಾಜೆಕ್ಟಿಗೆ ಹಾಕಿದ ಮೇಲೂ ಆರು ತಿಂಗಳು ನಾನು ಬರೆದ ಒಂದೊಂದು ಸಾಲನ್ನೂ ಸೀನಿಯರ್ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಒಮ್ಮೆ ರಾತ್ರಿ ಪಾಳಿಯಲ್ಲಿ ಪ್ರೊಡಕ್ಷನ್ ಡೇಟಾಬೇಸಿನ ಮೇಲೆ ತಪ್ಪು ಕ್ವೆರಿ ಓಡಿಸಿಬಿಟ್ಟೆ. ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಸೀನಿಯರ್ ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹಿಂದಕ್ಕೆ ತರಿಸಿದರು. ಬೆಳಗ್ಗೆ ಇಡ್ಲಿ ತಿನ್ನುತ್ತಾ ತಾವು ಮೊದಲು ಮಾಡಿದ ಎಡವಟ್ಟಿನ ಕಥೆ ಹೇಳಿದರು. ಅವರಿಲ್ಲದಿದ್ದರೆ ನಾನೂ ಕೆಲಸ ಬಿಟ್ಟು ಓಡಿಹೋಗುತ್ತಿದ್ದೆನೇನೋ :)

ಯಾರದೋ ಬಿಲ್ಲಿನ ಲೆಕ್ಕ ನೋಡುವ ನನಗೆ ಇಷ್ಟು ಕಾವಲು. ಸಾವಿನ ಮನೆ, ಮುರಿದ ಮದುವೆ, ಕುಡಿತದ ಗಂಡ, ಸಭೆಯೊಳಗಿನ ಆಸ್ತಿ ಜಗಳ, ಇವೆಲ್ಲದರ ನಡುವೆ ನಿಲ್ಲಬೇಕಾದ ಹುಡುಗನನ್ನು ಮಾತ್ರ ಒಂಟಿಯಾಗಿ ಬಿಟ್ಟುಬಿಡ್ತೀವಿ!

ಡಾಕ್ಟರುಗಳನ್ನೇ ತಗೊಳ್ಳಿ. ಎಂಬಿಬಿಎಸ್ ಪರೀಕ್ಷೆ ಪಾಸಾದರೂ ಒಂದು ವರ್ಷ ಹೌಸ್ ಸರ್ಜನ್ ಆಗಿ ಆಸ್ಪತ್ರೆಯಲ್ಲಿ ದುಡಿಯದೆ ಡಿಗ್ರಿ ಕೈಗೆ ಬರಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದಾಗ ವಿಲಿಯಂ ಆಸ್ಲರ್ ಮತ್ತು ವಿಲಿಯಂ ಹಾಲ್‌ಸ್ಟೆಡ್ ಕಲಿಕೆಯನ್ನು ರೋಗಿಯ ಮಂಚದ ಪಕ್ಕಕ್ಕೆ ತಂದರು. ಕಲಿಯುವವರು ಆಸ್ಪತ್ರೆಯಲ್ಲೇ ವಾಸ ಇರುತ್ತಿದ್ದರು, ಅದಕ್ಕೇ ರೆಸಿಡೆಂಟ್ ಅನ್ನೋ ಹೆಸರು.

ಇದೇ ಹೆಸರನ್ನು ಈಗ ಕೆಲವು ಚರ್ಚುಗಳೂ ತಗೊಂಡಿವೆ. ಅಮೆರಿಕದ ಇಂಡಿಯಾನಾಪೊಲಿಸಿನ ಲಿಲ್ಲಿ ಎಂಡೋಮೆಂಟ್ ಎಂಬ ದತ್ತಿಸಂಸ್ಥೆ 1999ರಲ್ಲಿ ಸೆಮಿನರಿಯಿಂದ ಪಾಲನೆಗೆ ದಾಟುವವರಿಗಾಗಿಯೇ ಒಂದು ಯೋಜನೆ ಶುರು ಮಾಡಿತು. ಸೆಮಿನರಿ ಮುಗಿಸಿದ ಕೆಲವರನ್ನು ಒಂದು ಒಳ್ಳೆಯ ಸಭೆಯಲ್ಲಿ ಎರಡು ವರ್ಷ ಸಂಬಳ ಕೊಟ್ಟು ಇಟ್ಟುಕೊಳ್ಳೋದು, ಹಿರಿಯ ಪಾಸ್ಟರ್ ಜೊತೆ ಎಲ್ಲ ಕೆಲಸವನ್ನೂ ಮಾಡಿಸೋದು, ಆಮೇಲೆ ಬೇರೆ ಸಭೆಗೆ ಕಳಿಸಿಕೊಡೋದು.

ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್ ಬ್ಯಾಪ್ಟಿಸ್ಟ್ ಚರ್ಚಿನದು ಇನ್ನೊಂದು ದಾರಿ. ಮಾರ್ಕ್ ಡೆವರ್ 1994ರಲ್ಲಿ ಅಲ್ಲಿಗೆ ಪಾಸ್ಟರ್ ಆಗಿ ಬಂದರು. ಅಲ್ಲಿ ಬೆರಳೆಣಿಕೆಯ ಯುವಕರನ್ನು ಐದೈದು ತಿಂಗಳು ಇಟ್ಟುಕೊಂಡು ಕಲಿಸುವ ಪದ್ಧತಿ ಬೆಳೆಯಿತು. ಹಿರಿಯರ ಸಭೆಯಲ್ಲಿ ಇವರೂ ಕೂತು ಕೇಳಬೇಕು. ನನಗೆ ತುಂಬಾ ಇಷ್ಟವಾದದ್ದು ಅವರ ಭಾನುವಾರದ ವಿಮರ್ಶೆ. ಆರಾಧನೆ ಮುಗಿದ ಮೇಲೆ ಎಲ್ಲರೂ ಸೇರಿ ಅವತ್ತಿನ ಪ್ರಸಂಗ, ಪ್ರಾರ್ಥನೆ, ಹಾಡು ಎಲ್ಲವನ್ನೂ ಬಿಡಿಸಿ ನೋಡ್ತಾರೆ. ಮುಖ್ಯ ಪಾಸ್ಟರ್ ಮಾಡಿದ ಪ್ರಸಂಗಕ್ಕೂ ರಿಯಾಯಿತಿ ಇಲ್ಲ. ನಮ್ಮ ಕೋಡ್ ರಿವ್ಯೂ ಥರಾನೇ!

ಹಾಗಂತ ಇದೇನೂ ಹೊಸದಲ್ಲ. ಹದಿನೆಂಟನೇ ಶತಮಾನದಲ್ಲಿ ನ್ಯೂ ಇಂಗ್ಲೆಂಡಿನಲ್ಲಿ ಪಾಸ್ಟರ್ ಆಗಬೇಕಾದವನು ಕಾಲೇಜು ಮುಗಿಸಿ ಒಬ್ಬ ಹಿರಿಯ ಪಾಸ್ಟರ್ ಮನೆಯಲ್ಲಿ ಇದ್ದು ಓದುತ್ತಿದ್ದ. ಕನೆಕ್ಟಿಕಟ್‌ನ ಜೋಸೆಫ್ ಬೆಲ್ಲಮಿಯ ಮನೆಯಲ್ಲಿ ಸುಮಾರು 60 ಮಂದಿ ಹೀಗೆ ತಯಾರಾದರು ಅಂತಾರೆ. ಬೆಲ್ಲಮಿ ಕಲಿತದ್ದೂ ಜೊನಾಥನ್ ಎಡ್ವರ್ಡ್ಸ್ ಹತ್ತಿರ ಹೀಗೆಯೇ. 1807ರಲ್ಲಿ ಆಂಡೋವರ್ ಸೆಮಿನರಿ ಹುಟ್ಟಿದ ಮೇಲೆ ಕಲಿಕೆ ನಿಧಾನಕ್ಕೆ ಪಾಸ್ಟರ್ ಮನೆಯಿಂದ ತರಗತಿಗೆ ಹೋಯಿತು.

ನಮ್ಮಲ್ಲಿ? ಮೊಗ್ಲಿಂಗ್ ಅಂದರೆ ನಮಗೆಲ್ಲ ನೆನಪಾಗೋದು 1843ರ ಮಂಗಳೂರ ಸಮಾಚಾರ. ಆದರೆ 1836ರಲ್ಲಿ ಮಂಗಳೂರಿಗೆ ಬಂದ ಆ ಮನುಷ್ಯ ಹುಡುಗರಿಗೆ ಶಾಲೆ ತೆರೆದು ಅವರ ಜೊತೆಯಲ್ಲೇ ಇದ್ದು, ಅವರ ಜೊತೆಯಲ್ಲೇ ಉಂಡು ಕಲಿಸಿದವರು. 1844ರಲ್ಲಿ ಕ್ರೈಸ್ತರಾದ ಆನಂದರಾವ್ ಕೌಂಡಿನ್ಯರನ್ನು 1846ರಲ್ಲಿ ಅವರೇ ಬಾಸೆಲ್‌ಗೆ ಕರೆದುಕೊಂಡು ಹೋದರು. ಕೌಂಡಿನ್ಯರು 1851ರಲ್ಲಿ ದೀಕ್ಷೆ ಪಡೆದು ಹಿಂತಿರುಗಿ ಪಾಲಕರೂ ಆದರು, ಮೇಷ್ಟ್ರೂ ಆದರು. ಒಟ್ಟಿನಲ್ಲಿ ಜೊತೆಗಿದ್ದು ಕಲಿಸೋದು ನಮ್ಮ ನೆಲದಲ್ಲೂ ನಡೆದದ್ದೇ.

ಇದಕ್ಕೆ ತಕರಾರು ಇಲ್ಲದಿಲ್ಲ. ನಮ್ಮ ಕಾಕಾ ಸಭೆಯ ಕಮಿಟಿಯಲ್ಲಿ ಇರೋರು. ಇದನ್ನು ಹೇಳಿದ ತಕ್ಷಣ, "ಹಳ್ಳಿ ಸಭಾಕ್ಕ ಒಬ್ಬ ಅಯ್ಯನವರು ಸಿಗೂದ ಕಷ್ಟ ಐತಿ, ನೀ ಇಬ್ಬರನ್ನ ಒಂದ ಕಡೆ ಕೂಡಸಂತಿ. ರೊಕ್ಕ ನಿಮ್ಮ ಕಂಪನಿ ಕೊಡತೈತೇನು?" ಅಂದರು. ನ್ಯಾಯವಾದ ಪ್ರಶ್ನೆ. ಬಿಡಿ ಪದವಿಗೇ ವರ್ಷಗಟ್ಟಲೆ ಓದಿರ್ತಾರೆ, ಮೇಲೆ ಇನ್ನೆರಡು ವರ್ಷ ಅಂದರೆ ಮನೆಯಲ್ಲಿ ಕಾಯುವ ಅಪ್ಪ ಅಮ್ಮ ಏನು ಮಾಡಬೇಕು? ಆದರೆ ಎರಡು ವರ್ಷಕ್ಕೆ ಒಬ್ಬರು ಬಿಟ್ಟುಹೋದರೆ ಅದರ ಖರ್ಚನ್ನೂ ಲೆಕ್ಕ ಹಾಕಬೇಕಲ್ಲ ಕಾಕಾ? ದೊಡ್ಡ ಊರಿನ ಸಭೆಗಳು ಹೊಸ ಪೇಂಟಿಗೆ, ಸೌಂಡ್ ಸಿಸ್ಟಮ್ಮಿಗೆ ದುಡ್ಡು ಹೊಂದಿಸುತ್ತವೆ. ನಾಲ್ಕು ಸಭೆ ಸೇರಿ ಒಬ್ಬ ಹುಡುಗನ ಸಂಬಳ ಹೊಂದಿಸೋಕೆ ಆಗಲ್ವಾ?

ನನಗೆ ಇದಕ್ಕಿಂತ ದೊಡ್ಡ ಭಯ ಬೇರೆ ಇದೆ. ಕಲಿಯೋಕೆ ಬಂದವನನ್ನು ದೊಡ್ಡ ಸಭೆ ಕುರ್ಚಿ ಹಾಕಿಸೋಕೆ, ಪ್ರೊಜೆಕ್ಟರ್ ನೋಡಿಕೊಳ್ಳೋಕೆ, ಅಯ್ಯನವರ ಕಾರು ಓಡಿಸೋಕೆ ಇಟ್ಟುಕೊಂಡುಬಿಡುತ್ತೆ. ನಮ್ಮ ಕಂಪನಿಗಳಲ್ಲಿ ಫ್ರೆಶರ್ಸ್‌ಗೆ ಏನಾಗುತ್ತೆ ಅಂತ ನಮಗೆ ಗೊತ್ತಿಲ್ವೇ? ಇನ್ನೊಂದು, ಹಿರಿಯರ ಮಾತಿನ ಧಾಟಿ, ಕೈ ಆಡಿಸೋ ರೀತಿ ಎಲ್ಲ ಕಾಪಿ ಹೊಡೆದು ಚಿಕ್ಕ ಫೋಟೋಸ್ಟಾಟ್ ಆಗೋ ಅಪಾಯ. ಅದಕ್ಕೇ ಏನೇನು ಕಲಿಸಬೇಕು ಅಂತ ಮೊದಲೇ ಬರೆದಿಡಬೇಕು, ಸಂಬಳ ಇರಬೇಕು, ಮುಗಿಯುವ ದಿನ ಗೊತ್ತಿರಬೇಕು, ಹಿರಿಯರ ತಪ್ಪನ್ನೂ ಬಾಯಿಬಿಟ್ಟು ಹೇಳುವ ಜಾಗ ಇರಬೇಕು. ತನ್ನ ಪ್ರಸಂಗದ ವಿಮರ್ಶೆ ಕೇಳೋಕೆ ಒಪ್ಪದ ಹಿರಿಯರ ಹತ್ತಿರ ಯಾರನ್ನೂ ಕಳಿಸಲೇಬಾರದು.

ಸಭೆಯ ಪಾಲೂ ಇದೆ ಇದರಲ್ಲಿ. ಈ ಹುಡುಗ ಕಲಿಯುತ್ತಿದ್ದಾನೆ, ನಮ್ಮ ಮನೆಗಳಲ್ಲೇ ಕಲಿಯುತ್ತಾನೆ ಅಂತ ಸಭೆಗೆ ಹೇಳಬೇಕು. ಹೌಸ್ ಸರ್ಜನ್ ಚುಚ್ಚಿದ ಸೂಜಿ ಸ್ವಲ್ಪ ಜಾಸ್ತಿ ನೋವಾದರೂ ಸಹಿಸಿಕೊಳ್ಳಲ್ವಾ ನಾವು? ಅವತ್ತು ನಮ್ಮ ದೊಡ್ಡಮ್ಮ ಮಾಡಿದ್ದು ಅದನ್ನೇ ಅಂತ ಈಗ ಅನ್ನಿಸುತ್ತೆ. ಸಾವಿನ ಮನೆಯಲ್ಲಿ ಸುಮ್ಮನೆ ಕೂರಬೇಕು ಅನ್ನೋ ಪಾಠವನ್ನು ಅವರಿಗೆ ಕಲಿಸಿದ್ದು ಆಕೆಯೇ. ನಾನು ಕೂಗಾಡಿದೆ ಅಷ್ಟೇ. ಒಂದು ವಾರ ಬಿಟ್ಟು ಅವರ ಕೋಣೆಗೆ ಹೋಗಿ "ಹೇಗಿದ್ದೀರಿ ಅಯ್ಯನವರೇ" ಅಂತ ಕೇಳಬಹುದಿತ್ತು. ಕೇಳಲಿಲ್ಲ.

ಬಸ್ಸಿಳಿಯುವಾಗ ಮತ್ತೆ ಪಾಲನೆಗೆ ಹೋಗ್ತೀರಾ ಅಂತ ಕೇಳಿದೆ. "ಯಾರಾದರೂ ಜೊತೆಗಿದ್ದರೆ ನೋಡಬಹುದು" ಅಂದರು.

ನೀವು ಯಾವ ಧರ್ಮದವರೇ ಆಗಿರಿ, ನಿಮ್ಮ ಮಠದ ಮರಿ, ದೇವಸ್ಥಾನದ ಹೊಸ ಅರ್ಚಕರು, ಮಸೀದಿಯ ಹೊಸ ಇಮಾಮರು ಇದನ್ನೆಲ್ಲ ಯಾರ ಹತ್ತಿರ, ಹೇಗೆ ಕಲೀತಾರೆ? ಗೊತ್ತಿದ್ದರೆ ಬರೀರಿ, ಓದೋಕೆ ಕಾಯ್ತಿರ್ತೀನಿ.