ದಂಡ ಹಾಕ್ರಿ, ‘ಏ ಮುದುಕಾ’ ಅನಬ್ಯಾಡ್ರಿ

ಹೆಲ್ಮೆಟ್ ಇಲ್ಲಂದ್ರ 500 ರೂಪಾಯಿ ದಂಡ. ಹಾಕ್ರಿ, ಕೊಡ್ತೀವಿ. ವಯಸ್ಸಾಗೇದ ಅಂತ ರಿಯಾಯ್ತಿ ಕೇಳೂದಿಲ್ಲ, ಬಿದ್ರ ಎಲ್ಲಾರ ತಲಿನೂ ಒಂದೇ ಥರಾ ಒಡೀತದ. ನನ್ನ ತಕರಾರು ದಂಡದ್ದಲ್ಲ, ಹಿರ್ಯಾರನ್ನ ನಿಲ್ಲಸೂ ರೀತಿದು.

ಹೋದ ತಿಂಗಳ ನಮ್ಮ ಭಾವನವರು ಸಂತಿ ಮಾಡಿಕೊಂಡು ಸ್ಕೂಟರ್ ಮ್ಯಾಲ ಬರೂ ಮುಂದ, ಒಬ್ಬ ಪೊಲೀಸಪ್ಪ ಅಡ್ಡ ಹಾರಿ ಕೀಲಿ ಕಿತ್ತುಕೊಂಡನಂತ. ಇವರಿಗೆ 68 ವರ್ಷ, ಎಡಗಿವಿ ಮಂದ, ಸೀಟಿ ಕೇಳಿಸಿಲ್ಲ. ‘ಏ ಮುದುಕಾ, ಕಿವಿ ಕೇಳಂಗಿಲ್ಲೇನು?’ ಅಂದನಂತ. ಊರ ಹುಡುಗರಿಗೆಲ್ಲಾ ಅಕ್ಷರ ಕಲಿಸಿದ ಮಾಸ್ತರು ಮುಕ್ಕಾಲು ತಾಸು ಬಿಸಿಲಾಗ ನಿಂತಾರ. ಮನಿಗೆ ಬಂದು ಒಂದು ಮಾತೂ ಆಡಲಿಲ್ಲ. ಚೀಲದಾಗಿನ ಕೊತ್ತಂಬರಿ ಬಾಡಿದ್ದು ನೋಡಿ ನಮ್ಮ ನೆಗೆಣ್ಣಿ ಕೆದಕಿ ಕೇಳಿದ ಮ್ಯಾಲ ಹೊರಗ ಬಂತು.

ಹೋಗೂ ಗಾಡಿ ಕೀಲಿಗೆ ಕೈ ಹಾಕಿದ್ರ ಮುದುಕರು ಬೀಳೂದಿಲ್ಲೇನು? ಸೊಂಟದ ಎಲುಬು ಮುರದ್ರ ಹಾಸಿಗಿ ಹಿಡೀತಾರ, ಆಮ್ಯಾಲ ಬೆಡ್‌ಪ್ಯಾನ್ ಇಡಾಕಿ ಮನಿ ಹೆಣ್ಣಮಗಳು. ಆ ಲೆಕ್ಕ ಚಲನಿನಾಗ ಬರೂದಿಲ್ಲ.

ಕಾಗದಪತ್ರ ಕೈಯಾಗ ಇಲ್ಲಂದ್ರ 15 ದಿನದೊಳಗ ತೋರಿಸಬಹುದು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಾಗ, 139ನೇ ನಿಯಮದಾಗ ಅದ. ಮೊಬೈಲಿನಾಗ ತೋರಿಸಿದ್ರೂ ನಡೀತದ. ಕ್ಯಾಮರಾ ಫೋಟೋ ಹೊಡದು ಮನಿಗೇ ನೋಟೀಸು ಬರೂ ಕಾಲ ಇದು. ಅಂಥಾದ್ರಾಗ ಬಿ.ಪಿ., ಸಕ್ಕರಿ ರೋಗ ಇದ್ದವರನ್ನ ಬಿಸಿಲಾಗ ನಿಲ್ಲಿಸಿ ಏನು ಸಾಧಿಸ್ತೀರಿ?

‘ಈ ವಯಸ್ಸಿನಾಗ ಗಾಡಿ ಯಾಕ ಹೊಡೀಬೇಕು?’ ಅಂತ ನಮ್ಮವರ ಕೇಳ್ತಾರ. ಯಾಕಂದ್ರ ಔಷಧದಂಗಡಿ ಮನಿ ಮುಂದ ಇಲ್ಲ, ಮಗ ಬೆಂಗಳೂರಾಗ ಇದ್ದಾನ! 55 ದಾಟಿದವರ ಲೈಸನ್ಸು ಐದೈದು ವರ್ಷಕ್ಕ, ಅದೂ ಡಾಕ್ಟರ ಸರ್ಟಿಫಿಕೇಟ್ ಕೊಟ್ಟ ಮ್ಯಾಲ, ರಿನ್ಯೂ ಆಗ್ತದ. ಮೂರು ಮಂದಿ ಕೂಡಿಸಿಕೊಂಡು ಭರ್ ಅಂತ ಹೋಗೂ ಹುಡುಗರಿಗೆ ಆ ಪರೀಕ್ಷಾ ಇಲ್ಲ.

ಪೊಲೀಸರೂ ದಿನಾ ಧೂಳು ಕುಡದು ನಿಲ್ತಾರ, ಖರೇ. ಆದ್ರ ‘ರೀ, ಗಾಡಿ ಸೈಡಿಗೆ ಹಚ್ಚ್ರಿ’ ಅನ್ನಾಕ ಎಷ್ಟು ಹೊತ್ತು ಬೇಕು? ದೂರದಿಂದ ಕೈ ತೋರಸ್ರಿ, ನೆರಳಾಗ ನಿಲ್ಲಸ್ರಿ, ಕಿವಿಗೆ ಕೇಳೂಹಂಗ ಮಾತಾಡ್ರಿ, ಕೀಲಿ ಮುಟ್ಟಬ್ಯಾಡ್ರಿ.

ಇದನ್ನ ಬರದು ಠಾಣೆದಾಗ ಕೊಡೂಣು ಅಂತ ನಾನು, ನೆಗೆಣ್ಣಿ ಮಾತಾಡೇವಿ. ಮಂಗಳವಾರ ಸಂಜಿ ನಮ್ಮನಿಗೆ ಸಹಿ ಹಾಕಾಕ ಬರ್ರಿ. ಬರೂ ಮುಂದ ಚಷ್ಮಾ ಮರೀಬ್ಯಾಡ್ರಿ.